ಕೂದಲು ಉದುರುತ್ತಿದೆ ಡಾಕ್ಟ್ರೇ: ಪುತ್ತರಿಗೆ ಮುಂಚೆ ಬಂದ ಪತ್ರಗಳು

ಮಳೆ ಬಿಟ್ಟು ಕಾಫಿ ಹಣ್ಣು ಕೆಂಪಾಗಿ, ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಹತ್ತಿರ ಬರುವ ಹೊತ್ತಿಗೆ ಈ ಅಂಕಣಕ್ಕೆ ಕೂದಲಿನ ಪತ್ರಗಳೇ ಜಾಸ್ತಿ. ಅದಕ್ಕೆ ಕಾರಣ ಇದೆ, ಮೊದಲ ಉತ್ತರದಲ್ಲೇ ಬರುತ್ತದೆ. ನನ್ನದೊಂದು ತಕರಾರು ಮಾತ್ರ ಈಗಲೇ ಹೇಳಿಬಿಡುತ್ತೇನೆ. ಯಾವ ಎಣ್ಣೆ ಹಚ್ಚಿದೆ, ಯಾವ ಶಾಂಪೂ ಬದಲಾಯಿಸಿದೆ ಅಂತ ಅರ್ಧ ಪುಟ ಬರೆಯುತ್ತೀರಿ. ಯಾವಾಗ ಶುರುವಾಯಿತು, ತಲೆಯ ಯಾವ ಜಾಗದಲ್ಲಿ, ಅದಕ್ಕೆ ಮೂರು ತಿಂಗಳು ಮೊದಲು ಏನಾಗಿತ್ತು ಅಂತ ಬರೆಯುವುದೇ ಇಲ್ಲ. ನನಗೆ ಬೇಕಾಗಿರುವುದು ಅಷ್ಟೇ. ಕೂದಲು ಉದುರುವುದರಲ್ಲಿ ಹತ್ತಾರು ಬಗೆ ಇದೆ. ಒಂದಕ್ಕೆ ಔಷಧಿಯೇ ಬೇಡ, ಇನ್ನೊಂದಕ್ಕೆ ಜೀವನಪೂರ್ತಿ ಬೇಕು, ಮತ್ತೊಂದಕ್ಕೆ ಒಂದು ತಿಂಗಳು ತಡವಾದರೂ ನಷ್ಟ. ಯಾವ ಬಗೆ ಅಂತ ಗೊತ್ತಾಗುವ ಮುಂಚೆ ದುಡ್ಡು ಬಿಚ್ಚಬೇಡಿ.

ನಾಪೋಕ್ಲುವಿನ ಓದುಗರು, 31 ವರ್ಷ: ಮೇಡಂ, ಜುಲೈಯಲ್ಲಿ ಡೆಂಗಿ ಜ್ವರ ಬಂದು ಆಸ್ಪತ್ರೆ ಸೇರಿದ್ದೆ. ಗುಣವಾಯಿತು. ಅಕ್ಟೋಬರಿನಿಂದ ತಲೆ ಬಾಚಿದರೆ ಹಿಡಿ ಹಿಡಿ ಕೂದಲು ಬರುತ್ತಿದೆ. ಬೇರು ಸಮೇತ ಕಿತ್ತು ಬರುತ್ತಿದೆ, ತುದಿಯಲ್ಲಿ ಬಿಳಿ ಗಂಟು ಕಾಣುತ್ತದೆ. ಅತ್ತೆ ಬೋರ್‌ವೆಲ್ ನೀರಿನಿಂದ ಅನ್ನುತ್ತಾರೆ. ಪೂರ್ತಿ ಬೋಳಾಗಿಬಿಡುತ್ತೇನಾ?

ಇಲ್ಲಮ್ಮ, ಆಗುವುದಿಲ್ಲ. ಜ್ವರದ ತಿಂಗಳು ಬರೆದಿದ್ದಕ್ಕೆ ಮೊದಲು ಥ್ಯಾಂಕ್ಸ್. ಅರ್ಧ ಉತ್ತರ ನಿಮ್ಮ ಪತ್ರದಲ್ಲೇ ಇದೆ.

ತಲೆಯಲ್ಲಿ ಸುಮಾರು 1 ಲಕ್ಷ ಕೂದಲು ಇರುತ್ತವೆ. ಒಂದೊಂದಕ್ಕೂ ಅದರದೇ ಲೆಕ್ಕ. 2ರಿಂದ 6 ವರ್ಷ ಬೆಳೆಯುತ್ತದೆ, ಆಮೇಲೆ ಸುಮಾರು 3 ತಿಂಗಳು ಸುಮ್ಮನಿರುತ್ತದೆ, ಆಮೇಲೆ ಉದುರುತ್ತದೆ. ಎಲ್ಲವೂ ಬೇರೆ ಬೇರೆ ಹೊತ್ತಿನಲ್ಲಿ ಇರುವುದರಿಂದ ದಿನಕ್ಕೆ 50ರಿಂದ 100 ಕೂದಲು ಹೋದರೂ ನಮಗೆ ಗೊತ್ತಾಗುವುದಿಲ್ಲ. ಜೋರು ಜ್ವರ ಬಂದರೆ, ಆಪರೇಷನ್ ಆದರೆ, ಹೆರಿಗೆಯಾದರೆ, ತೂಕ ಇಳಿಸಲು ಊಟ ಬಿಟ್ಟರೆ, ಬೆಳೆಯುತ್ತಿದ್ದ ಎಷ್ಟೋ ಕೂದಲು ಒಂದೇ ಸಲ ಬೆಳವಣಿಗೆ ನಿಲ್ಲಿಸುತ್ತವೆ. ಬ್ಲಾಸಮ್ ಮಳೆ ಬಿದ್ದ ಮೇಲೆ ತೋಟವೆಲ್ಲ ಒಟ್ಟಿಗೆ ಹೂ ಬಿಡುತ್ತದಲ್ಲ, ಹಾಗೆ ಅವೆಲ್ಲ ಒಂದೇ ಲೆಕ್ಕಕ್ಕೆ ಬಂದು ನಿಲ್ಲುತ್ತವೆ. ಆಮೇಲೆ 3 ತಿಂಗಳು ಕಳೆದು ಒಟ್ಟಿಗೇ ಉದುರುತ್ತವೆ. ಜುಲೈಗೆ 3 ಸೇರಿಸಿ, ಅಕ್ಟೋಬರ್ ಬಂತಲ್ವಾ? ಡೆಂಗಿ, ಇಲಿ ಜ್ವರ ಎಲ್ಲ ನಮ್ಮಲ್ಲಿ ಮಳೆಗಾಲದ್ದು. ಹಾಗಾಗಿಯೇ ಈ ಪತ್ರಗಳು ಪುತ್ತರಿ ಹತ್ತಿರ ಬಂದಾಗ ಬರುತ್ತವೆ. ಇದಕ್ಕೆ ಟೆಲೋಜೆನ್ ಎಫ್ಲುವಿಯಂ ಅನ್ನುತ್ತಾರೆ.

ಆ ಬಿಳಿ ಗಂಟು ನೋಡಿ ಹೆದರುವವರು ತುಂಬಾ ಜನ. ಒಂದು ಉದುರಿದ ಕೂದಲನ್ನು ಕಪ್ಪು ಬಟ್ಟೆ ಮೇಲಿಟ್ಟು ನೋಡಿ. ಗುಂಡುಸೂಜಿ ತಲೆಗಿಂತ ಚಿಕ್ಕ, ಒಣಗಿದ ಬಿಳಿ ಉಂಡೆ. ಅದು ಬೇರಲ್ಲ. ಬೇರು ಚರ್ಮದೊಳಗೇ ಭದ್ರವಾಗಿದೆ. ಕೂದಲು ಕೆಲಸ ಮುಗಿಸಿ ಹೊರಡುವಾಗ ಅದರ ಬುಡ ಹಾಗೆ ಗಟ್ಟಿಯಾಗುತ್ತದೆ. ಎಷ್ಟೋ ಸಲ ಕೆಳಗಿನಿಂದ ಹೊಸ ಕೂದಲು ತಳ್ಳುವುದಕ್ಕೇ ಹಳೆಯದು ಬೀಳುತ್ತದೆ. ಹಣೆಯ ಅಂಚಿನಲ್ಲಿ ಮೋಟು ಮೋಟು ಕೂದಲು ಎದ್ದು ನಿಂತಿವೆಯಾ ಅಂತ ಕನ್ನಡಿಯಲ್ಲಿ ನೋಡಿಕೊಳ್ಳಿ. ಇದ್ದರೆ ಕೆಲಸ ಶುರುವಾಗಿದೆ ಅಂತ.

ಉದುರುವುದು 3ರಿಂದ 6 ತಿಂಗಳಲ್ಲಿ ತಾನಾಗಿಯೇ ನಿಲ್ಲುತ್ತದೆ. ಜಡೆ ಮೊದಲಿನಷ್ಟು ದಪ್ಪ ಆಗಲು ಇನ್ನೂ ಜಾಸ್ತಿ ಸಮಯ ಬೇಕು, ಯಾಕೆಂದರೆ ಕೂದಲು ಬೆಳೆಯುವುದೇ ತಿಂಗಳಿಗೆ 1 ಸೆಂಟಿಮೀಟರಿನಷ್ಟು. ಅಷ್ಟರಲ್ಲಿ ಯಾರೋ ಒಂದು ಎಣ್ಣೆ ಕೊಡುತ್ತಾರೆ, ಅದೇ ಹೊತ್ತಿಗೆ ಉದುರುವುದು ನಿಲ್ಲುತ್ತದೆ, ಹೆಸರು ಎಣ್ಣೆಗೆ ಹೋಗುತ್ತದೆ. ಎಣ್ಣೆ ವ್ಯಾಪಾರದ ಗುಟ್ಟು ಇಷ್ಟೇ.

ನಿಮಗೆ ಬೇಕಾಗಿರುವುದು ರಕ್ತ ಪರೀಕ್ಷೆ. ಹಿಮೋಗ್ಲೋಬಿನ್, ಥೈರಾಯ್ಡ್ ಮತ್ತು ಫೆರಿಟಿನ್. ಫೆರಿಟಿನ್ ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ. ಹಿಮೋಗ್ಲೋಬಿನ್ ಸರಿ ಇದ್ದರೂ ಇದು ತಳ ಹಿಡಿದಿರಬಹುದು. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುವವರಲ್ಲಿ ಇದು ಸಾಮಾನ್ಯ. ಜ್ವರ ಇರುವಾಗ ಫೆರಿಟಿನ್ ಸುಮ್ಸುಮ್ನೆ ಏರಿರುತ್ತದೆ, ಆಗ ಮಾಡಿಸಿದ ರಿಪೋರ್ಟ್ ನಂಬಬೇಡಿ. ಈಗ ಮಾಡಿಸಿ.

ಕಬ್ಬಿಣದ ಮಾತ್ರೆ ಬರೆದುಕೊಟ್ಟರೆ ಒಂದು ವಿಷಯ ನೆನಪಿಡಿ. ನಮ್ಮ ಕಡೆ ತಿಂಡಿಯಾದ ಕೂಡಲೇ ಬೆಲ್ಲದ ಕಾಫಿ, ಊಟವಾದ ಕೂಡಲೇ ಮತ್ತೊಂದು ಲೋಟ. ಕಾಫಿ, ಟೀ ಎರಡೂ ಕಬ್ಬಿಣ ಮೈಗೆ ಹತ್ತುವುದನ್ನು ತಡೆಯುತ್ತವೆ. ಬೆಲ್ಲ ಹಾಕಿದ್ದೇನಲ್ಲ, ಕಬ್ಬಿಣ ಇದೆಯಲ್ಲ ಅಂತ ವಾದ ಮಾಡುವವರು ನನ್ನ ಕ್ಲಿನಿಕ್ಕಿಗೆ ಬರುತ್ತಲೇ ಇರುತ್ತಾರೆ. ಆ ಚೂರು ಬೆಲ್ಲ ಸಾಲದು. ಮಾತ್ರೆಗೂ ಕಾಫಿಗೂ ಒಂದೆರಡು ಗಂಟೆ ಅಂತರ ಇರಲಿ. ಮಾತ್ರೆ ಜೊತೆ ಒಂದು ಕಿತ್ತಳೆ ತಿನ್ನಿ, ಚೆನ್ನಾಗಿ ಹತ್ತುತ್ತದೆ. ಹಂದಿ ಮಾಂಸ, ಈಲಿ (ಲಿವರ್) ತಿನ್ನುವವರಿಗೆ ಅದರಲ್ಲಿರುವ ಕಬ್ಬಿಣ ಸೊಪ್ಪಿನದಕ್ಕಿಂತ ಬೇಗ ಹತ್ತುತ್ತದೆ.

ಇನ್ನು ಅತ್ತೆಯವರ ಬೋರ್‌ವೆಲ್. ಗಡಸು ನೀರಿನಿಂದ ಕೂದಲು ಒರಟಾಗಬಹುದು, ನಡುವೆ ತುಂಡಾಗಬಹುದು. ಬುಡದಿಂದ ಉದುರುವುದಿಲ್ಲ. ಅದೇ ನೀರಿನಲ್ಲಿ ಸ್ನಾನ ಮಾಡುವ ಅತ್ತೆಯವರ ಕೂದಲು ಹೇಗಿದೆ ಅಂತ ನೀವು ಕೇಳಬೇಡಿ, ನಾನು ಕೇಳಿದೆ ಅಂತ ಹೇಳಿ.

ಆರು ತಿಂಗಳಾದರೂ ನಿಲ್ಲದಿದ್ದರೆ, ಅಥವಾ ಬೈತಲೆ ಅಗಲವಾಗುತ್ತಾ ಹೋದರೆ ಚರ್ಮದ ವೈದ್ಯರಿಗೆ ತೋರಿಸಿ. ಆಗ ಅದು ಬೇರೆ ಬಗೆ.

ಗೋಣಿಕೊಪ್ಪದ ಓದುಗರು, 27 ವರ್ಷ: ಡಾಕ್ಟ್ರೇ, ಏಪ್ರಿಲಿನಲ್ಲಿ ಮದುವೆ. ಹಣೆಯ ಎರಡೂ ಮೂಲೆಯಲ್ಲಿ ಕೂದಲು ಹಿಂದೆ ಸರಿದಿದೆ, ನೆತ್ತಿಯಲ್ಲೂ ತೆಳ್ಳಗಾಗಿದೆ. ಮಂಡೆ ತುಣಿ (ಪೇಟ) ತೆಗೆದರೆ ಫೋಟೊದಲ್ಲಿ ತಲೆಯೇ ಹೊಳೆಯುತ್ತದೆ ಅಂತ ಅಣ್ಣಂದಿರು ತಮಾಷೆ ಮಾಡುತ್ತಾರೆ. ಸಿಟಿಯಲ್ಲಿ ಒಂದೇ ದಿನದಲ್ಲಿ ಕೂದಲು ನೆಡುತ್ತಾರಂತೆ, ಡಿಸೆಂಬರಿನಲ್ಲಿ ಮಾಡಿಸಲಾ? ಹೆಲ್ಮೆಟ್ ಹಾಕಿದ್ದರಿಂದ ಹೀಗಾಯಿತಾ?

ಹೆಲ್ಮೆಟ್ಟಿನಿಂದ ಬೋಳು ಬರುವುದಿಲ್ಲ ತಮ್ಮ. ಸಂಪಾಜೆ ಘಾಟಿಯಲ್ಲಿ ಅದನ್ನು ತೆಗೆದು ಓಡಿಸಬೇಡ.

ಇದು ವಂಶದಿಂದ ಬರುವ ಬೋಳು. ಗಂಡು ಹಾರ್ಮೋನ್ ಟೆಸ್ಟೋಸ್ಟಿರಾನ್ ನಮ್ಮ ಮೈಯಲ್ಲೇ ಡಿಎಚ್‌ಟಿ ಅನ್ನುವ ಇನ್ನೊಂದು ರೂಪಕ್ಕೆ ಬದಲಾಗುತ್ತದೆ. ಹಣೆ ಮೂಲೆ ಮತ್ತು ನೆತ್ತಿಯ ಬೇರುಗಳು ಅದಕ್ಕೆ ಸೂಕ್ಷ್ಮವಾಗಿದ್ದರೆ, ಪ್ರತಿ ಸುತ್ತಿನಲ್ಲೂ ಹುಟ್ಟುವ ಕೂದಲು ಹಿಂದಿನದಕ್ಕಿಂತ ಸಣ್ಣ, ಗಿಡ್ಡ. ಕೊನೆಗೆ ಬರೀ ನವಿರು ಉಳಿಯುತ್ತದೆ. ಹಿಂತಲೆಯ ಬೇರುಗಳಿಗೆ ಆ ತೊಂದರೆ ಇಲ್ಲ, ಅದಕ್ಕೇ ಅಜ್ಜಂದಿರಿಗೂ ಹಿಂದೆ ಒಂದು ಪಟ್ಟಿ ಕೂದಲು ಉಳಿದಿರುತ್ತದೆ. ಸೋದರಮಾವನ ತಲೆ ನೋಡಿದರೆ ಸಾಕು ಅನ್ನುವ ಮಾತು ಪೂರ್ತಿ ನಿಜವಲ್ಲ. ಅಪ್ಪನ ಕಡೆಯಿಂದಲೂ ಬರುತ್ತದೆ.

ಕಸಿಯ ವಿಷಯ ಕೇಳು. ಹಿಂತಲೆಯಿಂದ ಬೇರು ಸಮೇತ ಕೂದಲು ತೆಗೆದು ಮುಂದೆ ನೆಡುತ್ತಾರೆ. ನೆಟ್ಟ ಕೂದಲು ಮೊದಲ ಕೆಲವು ವಾರಗಳಲ್ಲಿ ಹೆಚ್ಚುಕಮ್ಮಿ ಎಲ್ಲವೂ ಉದುರುತ್ತದೆ. 3-4 ತಿಂಗಳಿಗೆ ಮತ್ತೆ ಚಿಗುರುತ್ತದೆ. ಪೂರ್ತಿ ಕಾಣಲು 9ರಿಂದ 12 ತಿಂಗಳು ಬೇಕು. ಡಿಸೆಂಬರಿನಲ್ಲಿ ಮಾಡಿಸಿದರೆ ಏಪ್ರಿಲ್ ಮದುವೆಗೆ ಸರಿಯಾಗಿ ಅರೆಬರೆ ತಲೆ ಸಿಗುತ್ತದೆ. ಇನ್ನೊಂದು ತೊಂದರೆ ವಯಸ್ಸು. 27ಕ್ಕೆ ನಿನ್ನ ಬೋಳು ಎಲ್ಲಿಗೆ ಬಂದು ನಿಲ್ಲುತ್ತದೆ ಅಂತ ಯಾರೂ ಹೇಳಲಾರರು. ಈಗ ಮುಂದಿನ ಸಾಲಿಗೆ ನೆಟ್ಟು, ಆಮೇಲೆ ಅದರ ಹಿಂದಿನದೆಲ್ಲ ಹೋದರೆ ನಡುವೆ ಬಯಲು. ಹಿಂತಲೆಯ ದಾಸ್ತಾನು ತೆಗೆದಷ್ಟೂ ಖಾಲಿ, ಮತ್ತೆ ತುಂಬುವುದಿಲ್ಲ. ಕಸಿ ಮಾಡಿಸಿದವರೂ ಉಳಿದ ಕೂದಲಿಗೆ ಔಷಧಿ ಹಾಕಲೇಬೇಕು. ಜಾಹೀರಾತಿನಲ್ಲಿ ಈ ಮಾತು ಇರುವುದಿಲ್ಲ.

ಮುಂದೆ ಯಾವತ್ತಾದರೂ ಮಾಡಿಸುವುದಾದರೆ ಕತ್ತಿ ಹಿಡಿಯುವವರು ಯಾರು ಅಂತ ಮೊದಲೇ ಕೇಳು. ತರಬೇತಿ ಪಡೆದ ವೈದ್ಯರೇ ಮಾಡಬೇಕು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಡಾಕ್ಟರು ಗೆರೆ ಎಳೆದು ಹೋಗುವುದು, ಆಮೇಲೆ ಟೆಕ್ನಿಷಿಯನ್ ಹುಡುಗರು ಇಡೀ ದಿನ ನೆಡುವುದು, ಅಂಥ ಜಾಗ ಬೇಡ.

ಈಗ ಮಾಡಬೇಕಾಗಿರುವುದು ಸರಳ. ಮಿನಾಕ್ಸಿಡಿಲ್ 5 ಪರ್ಸೆಂಟ್ ದ್ರಾವಣ, ಒಂದು ಸಲಕ್ಕೆ 1 ಎಂಎಲ್, ಬೆಳಿಗ್ಗೆ ರಾತ್ರಿ ಎರಡು ಹೊತ್ತು. ಮೊದಲು ಇದು ಬಿ.ಪಿ. ಮಾತ್ರೆಯಾಗಿತ್ತು. ತಿಂದವರಿಗೆ ಮೈತುಂಬ ಕೂದಲು ಬಂದದ್ದು ನೋಡಿ ತಲೆಗೆ ಹಚ್ಚುವ ಔಷಧಿ ಮಾಡಿದರು. 1988ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ತಲೆ ಒಣಗಿರಬೇಕು. ಕೂದಲಿಗಲ್ಲ, ಚರ್ಮಕ್ಕೆ ಹಚ್ಚಬೇಕು. ಕೈ ತೊಳೆದುಕೊಳ್ಳಬೇಕು. ಮೊದಲ ಒಂದೆರಡು ತಿಂಗಳು ಇನ್ನೂ ಜಾಸ್ತಿ ಉದುರಬಹುದು. ಅರ್ಧ ಜನ ಅಲ್ಲೇ ಹೆದರಿ ಬಾಟಲಿ ಎಸೆಯುತ್ತಾರೆ. ಹಳೆ ಕೂದಲು ಜಾಗ ಬಿಡುತ್ತಿದೆ ಅಷ್ಟೇ, ಮುಂದುವರಿಸು. ಫಲ ಗೊತ್ತಾಗಲು 4ರಿಂದ 6 ತಿಂಗಳು ಬೇಕು. ಇವತ್ತು ಶುರು ಮಾಡಿದರೆ ಏಪ್ರಿಲಿಗೆ ಒಂದಿಷ್ಟು ಕಾಣಬಹುದು, ನೆತ್ತಿಯಲ್ಲಿ ಚೆನ್ನಾಗಿ, ಹಣೆ ಮೂಲೆಯಲ್ಲಿ ಕಮ್ಮಿ. ನಿಲ್ಲಿಸಿದರೆ ಕೆಲವೇ ತಿಂಗಳಲ್ಲಿ ಗಳಿಸಿದ್ದೆಲ್ಲ ಹೋಗುತ್ತದೆ. ಅದು ಗೊತ್ತಿದ್ದೇ ಕೈಹಾಕು. ಮನೆಯಲ್ಲಿ ಬೆಕ್ಕು ಇದ್ದರೆ ಜೋಪಾನ. ಈ ಔಷಧಿ ಬೆಕ್ಕಿಗೆ ವಿಷ, ನಾಯಿಗೂ ಕೆಟ್ಟದ್ದು. ದಿಂಬು ನೆಕ್ಕಲು ಬಿಡಬೇಡ.

ಎರಡನೆಯದು ಫಿನಾಸ್ಟರೈಡ್ 1 ಎಂಜಿ ಮಾತ್ರೆ, ದಿನಕ್ಕೊಂದು. ಟೆಸ್ಟೋಸ್ಟಿರಾನ್ ಡಿಎಚ್‌ಟಿ ಆಗುವುದನ್ನೇ ತಡೆಯುತ್ತದೆ. ಗಂಡಸರಲ್ಲಿ ಉದುರುವುದನ್ನು ನಿಲ್ಲಿಸಲು ಒಳ್ಳೆಯ ಔಷಧಿ. ಆದರೆ ಸ್ವಲ್ಪ ಜನರಿಗೆ ಲೈಂಗಿಕ ಆಸಕ್ತಿ ಕುಗ್ಗುತ್ತದೆ, ನಿಮಿರುವುದರಲ್ಲಿ ತೊಂದರೆಯಾಗುತ್ತದೆ, ಕೆಲವರಿಗೆ ಮನಸ್ಸು ಕುಗ್ಗುತ್ತದೆ. ಸಾಮಾನ್ಯವಾಗಿ ಬಿಟ್ಟರೆ ಸರಿಹೋಗುತ್ತದೆ, ಅಪರೂಪಕ್ಕೆ ಉಳಿದುಕೊಂಡಿದೆ ಅಂದವರೂ ಇದ್ದಾರೆ. ಮದುವೆಯ ಹೊಸ್ತಿಲಲ್ಲಿ ಇರುವವನು ನೀನು. ಮೆಡಿಕಲ್ ಶಾಪಿನಲ್ಲಿ ಕೇಳಿ ತರಬೇಡ, ವೈದ್ಯರ ಎದುರು ಕೂತು ನಾಚಿಕೆ ಬಿಟ್ಟು ಮಾತಾಡಿ ನಿರ್ಧಾರ ಮಾಡು. ಬಸುರಿಯರು ಪುಡಿಯಾದ ಮಾತ್ರೆಯನ್ನು ಮುಟ್ಟಬಾರದು, ಗಂಡು ಮಗುವಾದರೆ ಅದಕ್ಕೆ ತೊಂದರೆ. ಮುಂದೆ ಯಾವಾಗಲಾದರೂ ಪ್ರಾಸ್ಟೇಟಿಗೆ ಪಿಎಸ್‌ಎ ಪರೀಕ್ಷೆ ಮಾಡಿಸಿದರೆ ಈ ಮಾತ್ರೆ ವಿಷಯ ಹೇಳಬೇಕು, ಅದು ಆ ಸಂಖ್ಯೆಯನ್ನು ಸುಮಾರು ಅರ್ಧಕ್ಕೆ ಇಳಿಸಿ ತೋರಿಸುತ್ತದೆ.

ಅಣ್ಣಂದಿರಿಗೂ ಪತ್ರಿಕೆ ತೋರಿಸು. ಒಂದೇ ವಂಶ ಅಲ್ವಾ, ಅವರ ಸರದಿಯೂ ಬರುತ್ತದೆ.

ಸಿದ್ದಾಪುರದ ತಾಯಿ: ನಾವು ತೋಟದ ಕೆಲಸದವರ ಲೈನ್ ಮನೆಯಲ್ಲಿರುವುದು. ಆರು ವರ್ಷದ ಮಗನ ತಲೆಯಲ್ಲಿ ಬಿಳಿ ಹೊಟ್ಟಿನ ಹಾಗೆ ಎದ್ದು ಎರಡು ಕಡೆ ಕೂದಲು ಹೋಗಿದೆ, ತುರಿಸುತ್ತಾನೆ. ಅಂಗಡಿಯಿಂದ ತಂದ ಟ್ಯೂಬ್ ಹಚ್ಚಿದೆ. ತುರಿಕೆ ಕಮ್ಮಿಯಾಗಿ ಮತ್ತೆ ಜಾಸ್ತಿಯಾಯಿತು.

ಅಕ್ಕಾ, ಇದು ಹುಳುಕಡ್ಡಿ ಇರಬೇಕು. ತಲೆಗೆ ಬಂದ ಫಂಗಸ್. ಕೂದಲು ಬುಡದಲ್ಲೇ ಮುರಿದು ಕಪ್ಪು ಚುಕ್ಕಿ ತರ ಕಾಣುತ್ತಿದೆಯಾ ನೋಡಿ. ತಲೆಯ ಹುಳುಕಡ್ಡಿಗೆ ಬರೀ ಮುಲಾಮು ಸಾಲುವುದಿಲ್ಲ, ಫಂಗಸ್ ಕೂದಲಿನ ಬುಡದೊಳಗೆ ಇರುತ್ತದೆ. ಹೊಟ್ಟೆಗೆ ಮಾತ್ರೆ ಬೇಕು. ಗ್ರಿಸಿಯೋಫಲ್ವಿನ್ ಅಥವಾ ಟರ್ಬಿನಾಫಿನ್, ಮಗುವಿನ ತೂಕ ನೋಡಿ, ಕೆಲವು ವಾರ. ಅಂಗಡಿಯ ಟ್ಯೂಬಿನಲ್ಲಿ ಸ್ಟಿರಾಯ್ಡ್ ಬೆರೆಸಿರುತ್ತಾರೆ. ಅದಕ್ಕೇ ತುರಿಕೆ ಅಡಗಿ ಮತ್ತೆ ಜೋರಾಗಿದ್ದು. ಇವತ್ತೇ ನಿಲ್ಲಿಸಿ. ಮಡಿಕೇರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಚರ್ಮದ ವೈದ್ಯರಿಗೆ ತೋರಿಸಿ. ಬಾಚಣಿಗೆ, ಟೋಪಿ, ಟವೆಲ್ ಬೇರೆ ಇಡಿ. ಅಕ್ಕಪಕ್ಕದ ಮನೆಯ ಮಕ್ಕಳ ತಲೆಯನ್ನೂ ನೋಡಲು ಹೇಳಿ. ಗಡ್ಡೆ ಎದ್ದು ಕೀವು ಬಂದರೆ ಚುಚ್ಚಬೇಡಿ, ಕುಯ್ಯಿಸಬೇಡಿ. ಮಾತ್ರೆಯಲ್ಲೇ ಇಳಿಯುತ್ತದೆ. ತಡ ಮಾಡಿದರೆ ಮಾತ್ರ ಆ ಜಾಗದಲ್ಲಿ ಕಲೆ ಉಳಿದು ಕೂದಲು ಬರುವುದಿಲ್ಲ.

ಕುಶಾಲನಗರದ ಕಾಲೇಜು ವಿದ್ಯಾರ್ಥಿ: ತಲೆಯಲ್ಲಿ ಎರಡು ರೂಪಾಯಿ ನಾಣ್ಯದಷ್ಟು ಜಾಗ ನುಣ್ಣಗಾಗಿದೆ. ನೋವಿಲ್ಲ, ತುರಿಕೆ ಇಲ್ಲ. ಈಗ ಗಡ್ಡದಲ್ಲೂ ಒಂದು. ಹುಳ ತಿಂದಿದೆ, ಗುಲಗಂಜಿ ಅರೆದು ಹಚ್ಚು ಅನ್ನುತ್ತಾರೆ.

ಹುಳವೂ ಇಲ್ಲ, ಏನೂ ಇಲ್ಲ. ನಮ್ಮ ಮೈಯ ಕಾವಲು ಪಡೆಯೇ ದಾರಿ ತಪ್ಪಿ ಕೂದಲಿನ ಬೇರಿನ ಮೇಲೆ ಬಿದ್ದಿದೆ. ಅಲೋಪೇಶಿಯ ಏರಿಯೇಟಾ ಅಂತ ಹೆಸರು. ಹತ್ತಿರ ಕೂತರೆ ಅಂಟುವುದಿಲ್ಲ. ಗುಲಗಂಜಿ ಬೀಜ ವಿಷ, ದಯವಿಟ್ಟು ಬೇಡ. ಬೆಳ್ಳುಳ್ಳಿ ತಿಕ್ಕಿ ಚರ್ಮ ಸುಟ್ಟುಕೊಂಡು ಬರುವವರನ್ನೂ ನೋಡುತ್ತಿರುತ್ತೇನೆ.

ಒಂದೆರಡು ಚಿಕ್ಕ ತೇಪೆ ಆದರೆ ಎಷ್ಟೋ ಜನರಿಗೆ ಒಂದು ವರ್ಷದೊಳಗೆ ತಾನಾಗಿಯೇ ಬರುತ್ತದೆ. ಮೊದಲು ಬರುವ ಕೂದಲು ಬಿಳಿ ಇರಬಹುದು, ಆಮೇಲೆ ಕಪ್ಪಾಗುತ್ತದೆ. ಬೇಗ ಬೇಕಾದರೆ ಆ ಜಾಗಕ್ಕೆ ಸಣ್ಣ ಸೂಜಿಯಲ್ಲಿ ಸ್ಟಿರಾಯ್ಡ್ ಇಂಜೆಕ್ಷನ್ ಕೊಡುತ್ತೇವೆ, 4ರಿಂದ 6 ವಾರಕ್ಕೊಮ್ಮೆ. ಇರುವೆ ಕಚ್ಚಿದಷ್ಟು ನೋವು. ಥೈರಾಯ್ಡ್ ಪರೀಕ್ಷೆ ಮಾಡಿಸಿಕೊಳ್ಳಿ, ಇವೆರಡೂ ಒಟ್ಟಿಗೆ ಬರುವುದಿದೆ. ತಲೆ ಪೂರ್ತಿ ಹೋದವರಿಗೆ ಈಗ ಹೊಸ ಮಾತ್ರೆಗಳಿವೆ. ಬಾರಿಸಿಟಿನಿಬ್‌ಗೆ ಅಮೆರಿಕದಲ್ಲಿ 2022ರಲ್ಲಿ ಒಪ್ಪಿಗೆ ಸಿಕ್ಕಿತು. ಅವು ರೋಗ ತಡೆಯುವ ಶಕ್ತಿಯನ್ನೇ ಕುಗ್ಗಿಸುತ್ತವೆ. ಕ್ಷಯ ಇದೆಯಾ, ಕಾಮಾಲೆ ವೈರಸ್ ಇದೆಯಾ ಅಂತ ಪರೀಕ್ಷೆ ಮಾಡಿಯೇ ಕೊಡಬೇಕು. ನಿಮಗೆ ಅದು ಬೇಕಾಗಿಲ್ಲ.

ಸೋಮವಾರಪೇಟೆಯ ಓದುಗರು, 35 ವರ್ಷ: ಬೈತಲೆ ವರ್ಷ ವರ್ಷ ಅಗಲವಾಗುತ್ತಿದೆ. ಉದುರುವುದು ಅಷ್ಟೇನೂ ಕಾಣುವುದಿಲ್ಲ.

ಹೆಂಗಸರಿಗೂ ವಂಶದ ಬೋಳು ಬರುತ್ತದೆ. ಹಣೆ ಸಾಲು ಹಾಗೇ ಇದ್ದು ನಡುವೆ ತೆಳ್ಳಗಾಗುತ್ತದೆ. ನಮ್ಮಲ್ಲಿ ಇದನ್ನು ಒಪ್ಪಿಕೊಳ್ಳುವುದೇ ಇಲ್ಲ, ಟೆನ್ಷನ್ ಅಂತ ಹೇಳಿ ಮುಗಿಸುತ್ತಾರೆ. ಮಿನಾಕ್ಸಿಡಿಲ್ ನಿಮಗೂ ಆಗುತ್ತದೆ. ಬಸುರಿಯಾಗಿದ್ದರೆ, ಮಗುವಿಗೆ ಹಾಲುಣಿಸುತ್ತಿದ್ದರೆ ಬೇಡ. ಹಣೆಗೆ ಇಳಿದರೆ ಅಲ್ಲೂ ನವಿರು ಬರುತ್ತದೆ, ಒರೆಸಿಕೊಳ್ಳಿ. ಮುಟ್ಟು ಏರುಪೇರು, ಗಲ್ಲದ ಮೇಲೆ ದಪ್ಪ ಕೂದಲು, ಮೊಡವೆ ಇದ್ದರೆ ಪಿಸಿಓಎಸ್, ಅಂದರೆ ಅಂಡಾಶಯದ ಹಾರ್ಮೋನ್ ಏರುಪೇರು, ಇರಬಹುದು. ಅದಕ್ಕೆ ಬೇರೆ ಮಾತ್ರೆ ಸೇರಿಸಬೇಕಾಗುತ್ತದೆ.

ಪೊನ್ನಂಪೇಟೆಯಿಂದ: ಅಕ್ಕನಿಗೆ ಮೈಸೂರಿನಲ್ಲಿ ಕೀಮೋ ಶುರುವಾಗುತ್ತದೆ. ಅವಳಿಗೆ ಕಾಯಿಲೆಗಿಂತ ಜಡೆಯದೇ ಚಿಂತೆ.

ಅದು ಚಿಕ್ಕ ಚಿಂತೆ ಅಂತ ಯಾರೂ ಅವರಿಗೆ ಹೇಳದಿರಲಿ. ಎಲ್ಲ ಕೀಮೋ ಔಷಧಿಯಿಂದಲೂ ಕೂದಲು ಹೋಗುವುದಿಲ್ಲ, ಅವರದು ಯಾವುದು ಅಂತ ವೈದ್ಯರನ್ನು ಕೇಳಿ. ಹೋಗುವ ಬಗೆಯದಾದರೆ ಮೊದಲ ಡೋಸಿನಿಂದ 2-3 ವಾರಕ್ಕೆ ಶುರುವಾಗುತ್ತದೆ. ಮೊದಲೇ ಗಿಡ್ಡ ಕತ್ತರಿಸಿಕೊಂಡರೆ ದಿಂಬಿನ ಮೇಲೆ ಉದ್ದ ಕೂದಲು ನೋಡುವ ಸಂಕಟ ತಪ್ಪುತ್ತದೆ. ಕತ್ತರಿಸಿದ ಜಡೆ ಬಿಸಾಡಬೇಡಿ, ವಿಗ್ ಮಾಡಿಸಬಹುದು. ತಲೆಗೆ ವಸ್ತ್ರ ಕಟ್ಟುವ ರೂಢಿ ಇದ್ದರೆ ಮೆತ್ತಗಿನ ಹತ್ತಿಯದು ಇರಲಿ. ಕೀಮೋ ಮುಗಿದು ಕೆಲವು ತಿಂಗಳಲ್ಲಿ ಸಾಮಾನ್ಯವಾಗಿ ಮತ್ತೆ ಬರುತ್ತದೆ, ಮೊದಲಿಗೆ ಸ್ವಲ್ಪ ಗುಂಗುರಾಗಿ.

ಚುಟುಕಾಗಿ ಕೇಳಿದವರಿಗೆ: ತಲೆ ಬೋಳಿಸಿದರೆ ದಪ್ಪ ಬರುವುದಿಲ್ಲ, ಮೋಟು ತುದಿ ಕೈಗೆ ಹಾಗೆ ಅನ್ನಿಸುತ್ತದೆ. ಕೊಬ್ಬರಿ ಎಣ್ಣೆ ಕೂದಲು ತುಂಡಾಗುವುದನ್ನು ಕಮ್ಮಿ ಮಾಡುತ್ತದೆ, ಹೊಸದು ಹುಟ್ಟಿಸುವುದಿಲ್ಲ. ತಲೆಹೊಟ್ಟು ಇದ್ದರೆ ಎಣ್ಣೆಯಿಂದ ಅದು ಜಾಸ್ತಿಯೇ ಆಗುತ್ತದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಒದ್ದೆ ಜಡೆ ಕಟ್ಟಿಕೊಂಡು ಹೊಟ್ಟು ತಂದುಕೊಂಡವರು ಕೀಟೋಕೊನಜೋಲ್ 2 ಪರ್ಸೆಂಟ್ ಶಾಂಪೂ ವಾರಕ್ಕೆ ಎರಡು ಸಲ ಹಾಕಿ, 5 ನಿಮಿಷ ಬಿಟ್ಟು ತೊಳೆಯಿರಿ. ಬಯೋಟಿನ್ ಮಾತ್ರೆ ಹೆಚ್ಚಿನವರಿಗೆ ಬೇಕಾಗಿಲ್ಲ. ಥೈರಾಯ್ಡ್ ರಿಪೋರ್ಟನ್ನೂ ಅದು ಹಾಳು ಮಾಡುತ್ತದೆ, ತಿನ್ನುತ್ತಿದ್ದರೆ ಲ್ಯಾಬಿನವರಿಗೆ ಹೇಳಿ. ರಕ್ತ ತೆಗೆದು ತಲೆಗೆ ಚುಚ್ಚುವ ಪಿಆರ್‌ಪಿ ಕೆಲವರಿಗೆ ಉಪಯೋಗ ಆಗಿದೆ, ಕೆಲವರಿಗೆ ಜೇಬಷ್ಟೇ ಖಾಲಿಯಾಗಿದೆ. ನಾನು ಅದನ್ನು ಮೊದಲ ಚಿಕಿತ್ಸೆಯಾಗಿ ಹೇಳುವುದಿಲ್ಲ. ನರ್ಸಿಂಗ್ ಓದುವ ಹುಡುಗಿಗೆ: ದಿನವಿಡೀ ಎಳೆದು ಕಟ್ಟಿದ ತುರುಬಿನಿಂದಲೇ ಕಿವಿ ಮೇಲಿನ ಕೂದಲು ಹೋಗುತ್ತಿರುವುದು. ಈಗಲೇ ಸಡಿಲ ಮಾಡಿದರೆ ವಾಪಸ್ ಬರುತ್ತದೆ, ವರ್ಷಗಟ್ಟಲೆ ಎಳೆದರೆ ಇಲ್ಲ.

ವಿರಾಜಪೇಟೆಯ ನಿವೃತ್ತ ಶಿಕ್ಷಕಿ, 61 ವರ್ಷ: ಹಣೆ ದೊಡ್ಡದಾಗುತ್ತಾ ಹೋಗುತ್ತಿದೆ. ಆ ಜಾಗದ ಚರ್ಮ ನುಣುಪಾಗಿ ಹೊಳೆಯುತ್ತದೆ, ಅಂಚಿನಲ್ಲಿ ಸ್ವಲ್ಪ ಕೆಂಪು, ಉರಿ. ಹುಬ್ಬು ಕೂಡ ಹೋಗಿದೆ. ವಯಸ್ಸಾಯಿತು ಅಂತ ಸುಮ್ಮನಿದ್ದೇನೆ. ತಮ್ಮ ಅಭಿಪ್ರಾಯ ತಿಳಿಸಿ.

ಟೀಚರ್, ಈ ಸಲದ ಪತ್ರಗಳಲ್ಲಿ ನನಗೆ ಅವಸರ ಅನ್ನಿಸಿದ್ದು ನಿಮ್ಮದು. ವಯಸ್ಸಿಗೆ ಕೂದಲು ತೆಳ್ಳಗಾಗುತ್ತದೆ, ನಿಜ. ಆದರೆ ಹುಬ್ಬು ಹೋಗಿ, ಅಂಚು ಕೆಂಪಾಗಿ, ಚರ್ಮದ ರಂಧ್ರಗಳೇ ಮುಚ್ಚಿ ಹೊಳೆಯುವುದು ವಯಸ್ಸಿನ ಕೆಲಸವಲ್ಲ. ಇದು ಬೇರನ್ನೇ ಸುಟ್ಟು ಕಲೆ ಮಾಡುವ ಬಗೆ ಇರಬಹುದು. ಉಳಿದ ಹೆಚ್ಚಿನ ಬಗೆಗಳಲ್ಲಿ ಬೇರು ಹೇಗೋ ಒಳಗೆ ಇರುತ್ತದೆ, ಕಾಯಬಹುದು. ಇದರಲ್ಲಿ ಹೋದ ಬೇರು ಹೋದಂತೆಯೇ. ಚಿಕಿತ್ಸೆ ಇರುವುದು ಉಳಿದದ್ದನ್ನು ಕಾಪಾಡಲು. ಚರ್ಮದ ಚಿಕ್ಕ ಚೂರು ತೆಗೆದು ಬಯಾಪ್ಸಿ ಮಾಡುತ್ತಾರೆ, ಮರಗಟ್ಟಿಸಿ ತೆಗೆಯುವುದರಿಂದ ನೋವಿಲ್ಲ, ಒಂದೆರಡು ಹೊಲಿಗೆ ಅಷ್ಟೇ. ಆಮೇಲೆ ಇಂಜೆಕ್ಷನ್, ಡಾಕ್ಸಿಸೈಕ್ಲಿನ್ ಅಥವಾ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ಕೊಡಬಹುದು. ಎರಡನೆಯದಕ್ಕೆ ಕಣ್ಣಿನ ಪರೀಕ್ಷೆ ಆಗಾಗ ಮಾಡಿಸಬೇಕು.

ಅಲ್ಲಿಯವರೆಗೆ ಎಣ್ಣೆ ತಿಕ್ಕುವುದು, ಹೇರ್ ಡೈ ಎರಡೂ ಬೇಡ. ಕಾಫಿ ಕುಯ್ಲು ಶುರುವಾದರೆ ಮನೆಯಲ್ಲಿ ಯಾರಿಗೂ ಬಿಡುವಿರುವುದಿಲ್ಲ, ಅದಕ್ಕೆ ಮುಂಚೆಯೇ, ಬರುವ ವಾರದೊಳಗೆ ಚರ್ಮದ ವೈದ್ಯರ ಹತ್ತಿರ ಹೋಗಿಬನ್ನಿ. ಹೋಗುವಾಗ ಐದಾರು ವರ್ಷ ಹಿಂದಿನ ಒಂದು ಫೋಟೊ ತೆಗೆದುಕೊಂಡು ಹೋಗಿ, ಹಣೆ ಮತ್ತು ಹುಬ್ಬು ಸ್ಪಷ್ಟವಾಗಿ ಕಾಣುವಂಥದ್ದು. ಎಷ್ಟು ಹಿಂದೆ ಸರಿದಿದೆ ಅಂತ ಅಳೆಯಲು ವೈದ್ಯರಿಗೆ ಅದು ಬೇಕಾಗುತ್ತದೆ.